ಶುಭ ಕೋರುವವರ ಸಾಲು ಐರ್ಲೆಂಡಿಗೆ ಹೋದದ್ದು

ಯಲಹಂಕ ಬಿಟ್ಟಿದ್ದು

ಮೊದಲೇ ಹೇಳಿಬಿಡುತ್ತೇನೆ. ಐರ್ಲೆಂಡಿನಿಂದ ಬಂದು ತಿಂಗಳುಗಳಾದವು, ಅಲ್ಲಿ ನಡೆದದ್ದು ನನಗೆ ಇನ್ನೂ ಪೂರ್ತಿ ಅರ್ಥವಾಗಿಲ್ಲ. ಅರ್ಥವಾದ ಮೇಲೆ ಬರೆಯೋಣ ಅಂತ ಕಾದೆ. ಅದು ಈ ಜನ್ಮದಲ್ಲಿ ಆಗುವ ಹಾಗೆ ಕಾಣಲಿಲ್ಲ, ಅದಕ್ಕೆ ಹೇಗಿದೆಯೋ ಹಾಗೆ ಬರೆಯುತ್ತಿದ್ದೇನೆ.

ನನ್ನದು ಯಲಹಂಕ ಓಲ್ಡ್ ಟೌನಿನಲ್ಲಿ ಡಿಸೈನ್ ಅಂಗಡಿ. ಒಂದು ಕಾಲಕ್ಕೆ ಫ್ಲೆಕ್ಸ್ ಅಂಗಡಿ. ಹೆಬ್ಬಾಳದಿಂದ ಹುಣಸಮಾರನಹಳ್ಳಿಯವರೆಗೆ ಯಾವ ಲೀಡರಿನ ಹುಟ್ಟುಹಬ್ಬ ಬಂದರೂ ಅವರ ಮುಖ ನನ್ನ ಮೆಷಿನ್ನಿನಿಂದಲೇ ಹೊರಬರಬೇಕಿತ್ತು. ಬೆಂಗಳೂರಿನಲ್ಲಿ ಫ್ಲೆಕ್ಸ್ ಕಟ್ಟಬಾರದು ಎಂದಾದ ಮೇಲೆ ಮುಖಗಳೆಲ್ಲ ಕಂಬದಿಂದ ಇಳಿದು ಫೋನಿನೊಳಗೆ ಹೊಕ್ಕವು. ನಾನೂ ಅವುಗಳ ಹಿಂದೆಯೇ ಹೊಕ್ಕೆ. ಈಗ ವಾಟ್ಸ್ಯಾಪ್ ಸ್ಟೇಟಸ್ಸಿಗೆ, ಫೇಸ್‌ಬುಕ್ಕಿಗೆ ಪೋಸ್ಟರ್ ಮಾಡಿಕೊಡುತ್ತೇನೆ.

ಇಂಟರ್ನೆಟ್ಟಿನಲ್ಲಿ ಪ್ರಚಾರ ಹೇಗೆ ಮಾಡಬೇಕೆಂದು ದೊಡ್ಡ ದೊಡ್ಡವರು ಏನೇನೋ ಭಾಷಣ ಮಾಡುತ್ತಾರೆ. ನನ್ನ ಪ್ರಕಾರ ಗುಟ್ಟು ಒಂದೇ. ಮೇಲೆ ಲೀಡರಿನ ದೊಡ್ಡ ಮುಖ ಹಾಕಿ. ಕೆಳಗೆ 'ಶುಭ ಕೋರುವವರು' ಎಂದು ಬರೆದು ಸಣ್ಣ ಸಣ್ಣ ವೃತ್ತಗಳಲ್ಲಿ ಊರವರ ಮುಖ ಹಾಕಿ. ಯಾರೂ ಲೀಡರನ್ನು ನೋಡುವುದಿಲ್ಲ, ತಮ್ಮ ಮುಖ ಎಲ್ಲಿದೆ ಎಂದು ಹುಡುಕುತ್ತಾರೆ. ಸಿಕ್ಕಿದ ತಕ್ಷಣ ಖುಷಿಯಾಗಿ ತಾವೇ ಕಂಡಕಂಡ ಗ್ರೂಪಿಗೆಲ್ಲ ಕಳಿಸುತ್ತಾರೆ. ಕೇಳದೆ ಮುಖ ಹಾಕಿದರೆ ನಮ್ಮಲ್ಲಿ ಯಾರೂ ಬೈಯುವುದಿಲ್ಲ, ಬಿಟ್ಟರೆ ಬೈಯುತ್ತಾರೆ. ಶೆಟ್ಟಿಹಳ್ಳಿಯ ನನ್ನ ಸ್ವಂತ ಚಿಕ್ಕಪ್ಪ ತನ್ನ ಮುಖ ಎರಡನೇ ಸಾಲಿಗೆ ಹೋಯಿತೆಂದು ನಮ್ಮ ಮನೆಯ ಹಬ್ಬದ ಊಟಕ್ಕೇ ಬರಲಿಲ್ಲ.

ಮುಖ ತೆಗೆಯಿರಿ ಎಂದು ಫೋನ್ ಬರುವುದು ಒಂದೇ ದಿನ. ಲೀಡರು ಸೋತ ದಿನ ಸಂಜೆ. "ಅಣ್ಣಾ, ಅದ್ರಾಗೆ ನಮ್ದೂ ಒಂದ್ ಫೋಟೋ ಐತಲ್ಲ, ವಸಿ ಎತ್ತಾಕ್ಬುಡಣ್ಣಾ. ಎದುರು ಪಾರ್ಟಿಯೋರು ನೋಡುದ್ರೆ ಚೆನ್ನಾಗಿರಾಕಿಲ್ಲ." ನಾನೂ ತೆಗೆದುಕೊಡುತ್ತೇನೆ. ಅದೂ ಕಸುಬಿನೊಳಗೇ ಸೇರಿದ್ದು.

ನನ್ನ ಹೆಂಡತಿ ರತ್ನಳ ತಂಗಿ ಮಂಜುಳಾ ಐರ್ಲೆಂಡಿನ ಒಂದು ಸಣ್ಣ ಊರಿನಲ್ಲಿ ನರ್ಸು. ಊರಿನ ಹೆಸರು ಬೇಡ, ಆಮೇಲೆ ನಡೆದದ್ದು ಓದಿದರೆ ನಿಮಗೇ ಕಾರಣ ತಿಳಿಯುತ್ತದೆ. ವಯಸ್ಸಾದವರ ಆರೈಕೆ ಮಾಡುವ ಆಸ್ಪತ್ರೆಯಂಥ ಒಂದು ಮನೆಯಲ್ಲಿ ಅವಳ ಕೆಲಸ. ಆ ಮನೆಗೆ ಹೋಗುವ ರಸ್ತೆಗೆ ಫುಟ್‌ಪಾತ್ ಇಲ್ಲ. ಹೋದ ಚಳಿಗಾಲ ಕತ್ತಲಲ್ಲಿ ನಡೆದು ಬರುತ್ತಿದ್ದ ಅವಳ ಜೊತೆಯ ನರ್ಸಿಗೆ ಕಾರು ತಗುಲಿ ಕಾಲು ಮುರಿಯಿತು. ಮಂಜು ಊರಿನ ಕೌನ್ಸಿಲಿಗೆ ಎಷ್ಟು ಸಲ ಬರೆದರೂ 'ಗಮನಕ್ಕೆ ಬಂದಿದೆ' ಎಂದಷ್ಟೇ ಉತ್ತರ. ಆ ದೇಶದಲ್ಲಿ ಹೊರಗಿನಿಂದ ಬಂದು ನೆಲೆಸಿದವರೂ ಊರಿನ ಕೌನ್ಸಿಲಿಗೆ ನಿಲ್ಲಬಹುದಂತೆ. ನಿಂತೇಬಿಟ್ಟಳು. ಪಾರ್ಟಿ ಇಲ್ಲ, ದುಡ್ಡಿಲ್ಲ, ಬೇಕಿದ್ದದ್ದು ಒಂದು ಫುಟ್‌ಪಾತು.

"ನನ್ ತಂಗಿ ಅಲ್ಲಿ ಒಬ್ಳೇ ಒದ್ದಾಡ್ತಾವ್ಳೆ" ಎಂದಳು ರತ್ನ. "ಊರೋರ್ನೆಲ್ಲ ನಾನೇ ಗೆಲ್ಸಿದ್ದು ಅಂತ ಮೀಸೆ ತಿರುವ್ತೀರಲ್ಲ, ಹೋಗಿ ಅವ್ಳ್ನ ಗೆಲ್ಸ್ಕೊಂಡ್ ಬನ್ನಿ ನೋಡನ."

ವಿಮಾನ ನಿಲ್ದಾಣ ಮನೆಯಿಂದ ಬಹಳ ದೂರವೇನಲ್ಲ. ದಿನಾ ತಲೆಯ ಮೇಲೆ ಹಾರುವ ವಿಮಾನದೊಳಗೆ ಕೂತು ಕೆಳಗೆ ಯಲಹಂಕ ಕೆರೆ ಹುಡುಕಿದೆ. ಸಿಗಲಿಲ್ಲ. ಗೊಂದಲ ಅಲ್ಲಿಂದಲೇ ಶುರು.

ಡಬ್ಲಿನ್

ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ನನ್ನ ಚೀಲದಲ್ಲಿದ್ದ ರಾಗಿಹಿಟ್ಟನ್ನು ಮೂಸಿ, ಬೆರಳಿಗೆ ಹಚ್ಚಿ, ಇನ್ನೊಬ್ಬನನ್ನು ಕರೆದ. ಅವನೂ ಮೂಸಿದ. ಏನಿದು ಎಂದು ಕೇಳಿದ್ದು ಅರ್ಥವಾಯಿತು, ಆಮೇಲಿನದೊಂದೂ ಅರ್ಥವಾಗಲಿಲ್ಲ. ಅವರ ಇಂಗ್ಲಿಷು ಹಾಡಿದ ಹಾಗಿರುತ್ತದೆ, ಎಲ್ಲಿ ಮಾತು ನಿಂತಿತು ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ನಾನು ಕೈಯಲ್ಲಿ ಉಂಡೆ ಕಟ್ಟಿ, ನುಂಗಿ ತೋರಿಸಿದೆ. ಇಬ್ಬರೂ ನಕ್ಕು ಬಿಟ್ಟುಬಿಟ್ಟರು.

ಹೊರಗೆ ಮಂಜುಳಾಳ ಗಂಡ ಲೋಕೇಶ ಕಾರು ತಂದಿದ್ದ. ರಸ್ತೆಗೆ ಬಂದ ಕೂಡಲೇ ನಾನು ಸೀಟಿನಿಂದ ಎದ್ದೇಬಿಟ್ಟೆ. ಕಂಬಕಂಬಕ್ಕೂ ಮುಖ! ಒಂದರ ಮೇಲೊಂದು, ಮೂರು ಮೂರು, ನಾಲ್ಕು ನಾಲ್ಕು. ನಮ್ಮಲ್ಲಿ ಹೊಡೆದೋಡಿಸಿದ ಮುಖಗಳೆಲ್ಲ ಇಲ್ಲಿಗೆ ಬಂದು ಸೇರಿಕೊಂಡಿವೆಯೇನೋ ಅನ್ನಿಸಿತು. ಕಾನೂನೇ ಒಪ್ಪಿದೆಯಂತೆ, ಚುನಾವಣೆ ಮುಗಿದ ಮೇಲೆ ತೆಗೆದರಾಯಿತಂತೆ. ನನಗೆ ನಿಜವಾಗಿ ಕಣ್ಣು ತುಂಬಿ ಬಂತು.

"ಅಲ್ಲ ಲೋಕೇಶ, ಎಲ್ರೂ ಒಂಟಿಯಾಗಿದಾರಲ್ಲ. ಇವ್ರಿಗೆ ಶುಭ ಕೋರೋಕೆ ಒಂದು ನರಪಿಳ್ಳೇನೂ ಇಲ್ವಾ?"

"ಇಲ್ಲಿ ಹಂಗೇ ಅಣ್ಣ. ಕ್ಯಾಂಡಿಡೇಟ್ ಮುಖ ಒಂದೇ."

ಪಾಪ ಅನ್ನಿಸಿತು. ಇವರಿಗೆಲ್ಲ ಕೆಲಸ ಕಲಿಸಬೇಕು ಎಂದುಕೊಂಡೆ. ಹಾಗೆ ಅಂದುಕೊಂಡ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮಂಜುಳಾಳ ಅಡುಗೆಮನೆ

ಊಟಕ್ಕೆ ಮುದ್ದೆ ಸೊಪ್ಪಿನ ಸಾರು. ಊಟ ಮುಗಿದು ಎಷ್ಟೋ ಹೊತ್ತಾದರೂ ಸೂರ್ಯ ಮುಳುಗುವ ಸೂಚನೆಯೇ ಇಲ್ಲ. ಮಲಗಬೇಕೋ ಮತ್ತೆ ಕಾಫಿ ಕುಡಿಯಬೇಕೋ ತಿಳಿಯದೆ ಕೂತಿದ್ದಾಗ ಮಂಜು ತನ್ನ ಫೇಸ್‌ಬುಕ್ ಪುಟ ತೋರಿಸಿದಳು.

ಮೊದಲ ಚಿತ್ರ ಒಂದು ಕಸದ ಡಬ್ಬ. ಎರಡನೆಯದು ರಸ್ತೆಗೆ ಬಾಗಿದ ಮುಳ್ಳುಬೇಲಿ. ಮೂರನೆಯದು ಕಟ್ಟಿಕೊಂಡ ಚರಂಡಿ.

"ಇದೇನ್ ಮಂಜು, ನಿನ್ ಮುಖಾನೇ ಇಲ್ಲ?"

"ಮುಖ ಕಂಬದ್ಮೇಲಿದೆಯಲ್ಲ ಭಾವ."

"ಇಂಟರ್ನೆಟ್‌ನಲ್ಲಿ ಕಸದ ಡಬ್ಬಾನಾ?"

"ಹೂಂ. ಜನ ಬಂದು ಡಬ್ಬದ ಬಗ್ಗೆ ಬರೀತಾರೆ. ಒಬ್ಬೊಬ್ರಿಗೂ ನಾನೇ ಉತ್ತರ ಬರೀತೀನಿ. ಡ್ಯೂಟಿ ಮುಗ್ಸಿ ಬಂದು ದಿನಾ ಅದೇ ಕೆಲ್ಸ."

ನಮ್ಮಲ್ಲಿ ಕಂಬದ ಬುಡದಲ್ಲಿ ಕಸ, ಇಂಟರ್ನೆಟ್ಟಿನಲ್ಲಿ ಮುಖ. ಇಲ್ಲಿ ಕಂಬದ ಮೇಲೆ ಮುಖ, ಇಂಟರ್ನೆಟ್ಟಿನಲ್ಲಿ ಕಸ. ಎಲ್ಲ ತಿರುಗಾಮುರುಗಾ. ಇದರಲ್ಲಿ ಪ್ರಚಾರ ಎಲ್ಲಿ ಬಂತು ಎಂದು ನನಗೆ ತಲೆಬುಡ ತಿಳಿಯಲಿಲ್ಲ.

ಅದಕ್ಕಿಂತ ದೊಡ್ಡ ತಲೆನೋವು ಅವರ ವೋಟು. ಒಬ್ಬರಿಗೆ ಒಂದು ವೋಟಲ್ಲ. ಚೀಟಿಯಲ್ಲಿರುವ ಹೆಸರುಗಳ ಮುಂದೆ ಒಂದು, ಎರಡು, ಮೂರು ಎಂದು ನಂಬರ್ ಹಾಕುವುದು. ನಿಮ್ಮ ಒಂದನೇ ನಂಬರಿನವನು ಸೋತರೆ ನಿಮ್ಮ ಚೀಟಿ ಎರಡನೇ ನಂಬರಿನವನಿಗೆ ಹೋಗುತ್ತದೆ. ಲೋಕೇಶ ಚಮಚ, ಲೋಟ, ಉಪ್ಪಿನ ಡಬ್ಬಿ ಎಲ್ಲ ಜೋಡಿಸಿ ವಿವರಿಸಿದ. ಕೊನೆಗೆ ನನಗೆ ತಿಳಿದದ್ದು ಉಪ್ಪಿನ ಡಬ್ಬಿ ಗೆದ್ದಿತು ಅಂತಷ್ಟೇ.

"ಊಟ ಒಬ್ಬನ ಮನೇಲಿ, ಕೈ ತೊಳ್ಯೋದು ಇನ್ನೊಬ್ಬನ ಮನೇಲಿ. ಇದ್ಯಾವ ಸೀಮೆ ವೋಟು?" ಎಂದೆ.

"ಅದಕ್ಕೇ ಭಾವ, ಇಲ್ಲಿ ಯಾರ ಜೊತೆನೂ ಜಗಳ ಆಡೋ ಹಂಗಿಲ್ಲ. ಎದುರಾಳಿ ಕಡೆಯೋರ್ದೂ ಎರಡನೇ ನಂಬರ್ ಬೇಕಾಗುತ್ತೆ."

ಎದುರಾಳಿ ಎಂದರೆ ಡೆಕ್ಲನ್. ಊರಿನ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುವ ದಪ್ಪ ಮನುಷ್ಯ. ಅವನು ಮಂಜುಳಾಳ ಪುಟದಲ್ಲೇ 'ನಿನಗೆ ಒಳ್ಳೆಯದಾಗಲಿ' ಎಂದು ಬರೆದಿದ್ದ. ನಮ್ಮ ಕಡೆ ಎದುರಾಳಿ ಹೀಗೆ ಬರೆದರೆ ಮೊದಲು ಮನೆಯ ಹಿತ್ತಲ ಬಾಗಿಲು ಭದ್ರ ಮಾಡಿಕೊಳ್ಳುತ್ತೇವೆ. ಮಂಜು 'ನಿನಗೂ' ಎಂದು ಉತ್ತರ ಬರೆದು ಹೂವಿನ ಚಿತ್ರ ಹಾಕಿದ್ದಳು.

ಹುಟ್ಟುಹಬ್ಬ

ವೋಟಿಗೆ ಕೆಲವೇ ದಿನ ಇರುವಾಗ ಮಂಜುಳಾಳ ಹುಟ್ಟುಹಬ್ಬ ಬಂತು. ಎಂಥಾ ಯೋಗ! ನಮ್ಮಲ್ಲಿ ಇಂಥ ಯೋಗಕ್ಕಾಗಿ ಲೀಡರುಗಳು ಜಾತಕವನ್ನೇ ತಿದ್ದಿಸುತ್ತಾರೆ.

"ಭಾವ, ಪುಟ ನಿಮ್ಮ ಫೋನಲ್ಲೂ ತೆಗ್ದು ಕೊಟ್ಟಿದೀನಿ. ಯಾರಾದ್ರೂ ಏನಾದ್ರೂ ಕೇಳಿದ್ರೆ ನಂಗೆ ಮೆಸೇಜ್ ಮಾಡಿ, ಅಷ್ಟೇ" ಎಂದು ಹೇಳಿ ಅವಳು ಡ್ಯೂಟಿಗೆ ಹೋದಳು. ಲೋಕೇಶನೂ ಆಫೀಸಿಗೆ ಹೋದ. ಒಬ್ಬನೇ ಮನೆಯಲ್ಲಿ ಎಷ್ಟೆಂದು ಕಿಟಕಿ ನೋಡಲಿ? ಲ್ಯಾಪ್‌ಟಾಪ್ ತೆಗೆದೆ.

ನನ್ನ ಜೀವಮಾನದ ಒಳ್ಳೆಯ ಕೆಲಸ ಅದು, ಈಗಲೂ ಹೇಳುತ್ತೇನೆ. ಮಂಜುಳಾಳ ತಲೆಯ ಹಿಂದೆ ಬಂಗಾರದ ಕಿರಣ, ಎರಡೂ ಬದಿಗೆ ನವಿಲುಗರಿ. ಕೆಳಗೆ ಇಂಗ್ಲಿಷಿನಲ್ಲಿ 'ಶುಭ ಕೋರುವವರು'. ಅವಳ ಪುಟದಲ್ಲಿ ಒಳ್ಳೆಯ ಮಾತು ಬರೆದವರು, ಕಸದ ಡಬ್ಬದ ಬಗ್ಗೆ ಬರೆದವರು, ಚರಂಡಿಯವರು, ಯಾರನ್ನೂ ಬಿಡಲಿಲ್ಲ. ಅವರವರ ಪುಟಕ್ಕೆ ಹೋಗಿ ಮುಖ ಎತ್ತಿ ತಂದು ವೃತ್ತದಲ್ಲಿ ಕೂರಿಸಿದೆ. ಮರ್ಯಾದೆಗೆಂದು ಮೊದಲ ವೃತ್ತ ಡೆಕ್ಲನ್ನನಿಗೆ ಕೊಟ್ಟೆ. ಎರಡನೆಯದು ಬ್ರೀಡಾ ಎಂಬ ಮುದುಕಿಗೆ. ಅದೇ ಫುಟ್‌ಪಾತಿಲ್ಲದ ರಸ್ತೆಯಲ್ಲಿ ಆಕೆಯ ಮನೆ, ಮುಳ್ಳುಬೇಲಿಯ ಚಿತ್ರದ ಕೆಳಗೆ ಆಕೆ ಉದ್ದಕ್ಕೆ ಬರೆದಿದ್ದರು. ಚಿತ್ರದಲ್ಲಿ ತೊಡೆಯ ಮೇಲೆ ನಾಯಿ ಇತ್ತು. ಎಷ್ಟು ಕತ್ತರಿಸಿದರೂ ಅದರ ಒಂದು ಕಿವಿ ಉಳಿಯುತ್ತಿತ್ತು. ಇರಲಿ, ನಾಯಿಯೂ ಶುಭ ಕೋರಲಿ ಎಂದು ಆ ಕಿವಿಯನ್ನು ಹಾಗೇ ಬಿಟ್ಟೆ.

ಪುಟಕ್ಕೆ ಹಾಕಿದೆ. ಲೋಕೇಶ ಮನೆಯಲ್ಲೇ ಮರೆತು ಹೋಗಿದ್ದ ಫೋನಿನಿಂದ ಊರಿನ ಫುಟ್‌ಬಾಲ್ ಗ್ರೂಪು, ಶಾಲೆಯ ಗ್ರೂಪು ಎಲ್ಲದಕ್ಕೂ ಕಳಿಸಿದೆ. ಆಮೇಲೆ ನೆಮ್ಮದಿಯಾಗಿ ಮಧ್ಯಾಹ್ನದ ನಿದ್ದೆ ಮಾಡಿದೆ.

ಎಚ್ಚರವಾದಾಗ ಮಂಜು ಕೆಲಸದ ಬಟ್ಟೆಯಲ್ಲೇ ಮುಂದೆ ನಿಂತಿದ್ದಳು. ಮುಖ ಬಿಳಿಚಿತ್ತು.

"ಭಾವ, ಯಾರನ್ನ ಕೇಳಿ ಹಾಕಿದ್ರಿ?"

"ಯಾರ್ನ ಕೇಳ್ಬೇಕಿತ್ತು? ಅವ್ರೇ ಬಂದು ಒಳ್ಳೇ ಮಾತ್ ಬರ್ದವ್ರಲ್ಲ!"

"ಡಬ್ಬ ತುಂಬಿದೆ ಅಂತ ಬರ್ದವ್ರು ನಂಗೆ ವೋಟ್ ಹಾಕ್ತೀನಿ ಅಂತ ಬರ್ದಿಲ್ಲ ಭಾವ. ಇಲ್ಲಿ ಯಾರಿಗೆ ವೋಟು ಅಂತ ಹೆಂಡ್ತಿ ಗಂಡನಿಗೂ ಹೇಳಲ್ಲ. ನೀವು ಅಷ್ಟೂ ಜನರ ಮುಖ ಬೀದೀಲಿ ಇಟ್ಬಿಟ್ರಿ. ಡೆಕ್ಲನ್ ಕಡೆಯೋರು ಅವನು ಚುನಾವಣೆ ಬಿಟ್ಟೇಬಿಟ್ನಾ ಅಂತ ಕೇಳ್ತಿದಾರೆ."

ಫೋನು ಬಿಡುವಿಲ್ಲದೆ ಕುಯ್‌ಗುಡುತ್ತಿತ್ತು. ಮುಖ ತೆಗೆಯಿರಿ, ನನ್ನ ಮುಖ ತೆಗೆಯಿರಿ. ನಾನು ಪಿಳಿಪಿಳಿ ಕಣ್ಣು ಬಿಟ್ಟೆ. ಈ ಫೋನುಗಳು ನನಗೆ ಗೊತ್ತು. ಆದರೆ ಇವು ಸೋತ ಮೇಲೆ ಬರಬೇಕಾದವು, ವೋಟಿಗಿಂತ ಮೊದಲೇ ಯಾಕೆ ಬರುತ್ತಿವೆ? ಪೋಸ್ಟರ್ ಅಳಿಸಿದೆವು. ಅಷ್ಟರಲ್ಲಿ ಅದು ಎಲ್ಲೆಲ್ಲೋ ಹೋಗಿಯಾಗಿತ್ತು. ಅಳಿಸಿದಷ್ಟೂ ಅದು ಬೇರೆಯವರ ಫೋನಿನಿಂದ ನಮ್ಮ ಫೋನಿಗೇ ವಾಪಸ್ ಬರುತ್ತಿತ್ತು.

ಮಂಜು ಕುರ್ಚಿಯಲ್ಲಿ ಕುಸಿದು ಅತ್ತುಬಿಟ್ಟಳು. "ನಂಗೆ ಕುರ್ಚಿ ಬೇಕಿರ್ಲಿಲ್ಲ ಭಾವ. ಆ ಒಂದು ರಸ್ತೆ ಬೇಕಿತ್ತು."

ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ ಅಂತಾರಲ್ಲ, ಅದು ನಾನೇ. ರತ್ನಳಿಗೆ ಫೋನ್ ಮಾಡಿ ಹೇಳುವ ಧೈರ್ಯವೂ ಆಗಲಿಲ್ಲ.

ಬಾಗಿಲುಗಳು

ಮಾರನೆಯ ದಿನ ಮಂಜು ಕಣ್ಣೊರೆಸಿಕೊಂಡು ಹೇಳಿದಳು. "ಫೋನಲ್ಲಿ ಸಾರಿ ಅಂದ್ರೆ ಆಗಲ್ಲ. ಒಂದೊಂದ್ ಮುಖದ ಮನೆಗೂ ಹೋಗೋಣ. ನೀವೂ ಬರ್ಬೇಕು."

ಹೋದೆವು. ಕ್ಷಮೆ ಕೇಳುವುದಕ್ಕೂ ಅಲ್ಲಿ ಒಂದು ಪದ್ಧತಿ ಇದೆ. ಮೊದಲು ಹವಾಮಾನ. ಮೋಡ ಬಂತು, ಬಿಸಿಲು ಬಂತು, ಮತ್ತೆ ಮೋಡ. ನಾವು ಸಾರಿ ಅಂದರೆ ಅವರೂ ಸಾರಿ ಅನ್ನುತ್ತಾರೆ. ನಮ್ಮ ತಪ್ಪಿಗೆ ಅವರೇಕೆ ಸಾರಿ ಅನ್ನಬೇಕು? 'ಪರವಾಗಿಲ್ಲ' ಎಂದು ನಗುತ್ತಾರೆ, ಆ ನಗುವಿನ ಹಿಂದೆ ಕೋಪ ಇದೆಯೋ ಇಲ್ಲವೋ ದೇವರಿಗೇ ಗೊತ್ತು. ಶೆಟ್ಟಿಹಳ್ಳಿಯಲ್ಲಾದರೆ ಬೈಯುತ್ತಾರೆ, ಆಮೇಲೆ ಕಾಫಿ ಕೊಡುತ್ತಾರೆ, ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಇವರು ಬೈಯದೆಯೇ ಟೀ ಕೊಟ್ಟರು. ನಾನು ಒಂದೊಂದು ಗುಟುಕನ್ನೂ ಅಳುಕಿನಿಂದ ಕುಡಿದೆ.

ಒಂದೊಂದು ಮನೆಯಲ್ಲೂ ಮಾತು ಪೋಸ್ಟರಿನಿಂದ ಹೊರಟು ಎಲ್ಲೆಲ್ಲಿಗೋ ಹೋಗುತ್ತಿತ್ತು. ಮೊಣಕಾಲು ನೋವು, ಬಸ್ಸು, ಆಸ್ಪತ್ರೆಯಲ್ಲಿರುವ ಅಮ್ಮ. ಮಂಜು ನರ್ಸಲ್ಲವೇ, ಕೂತು ಕೇಳುತ್ತಿದ್ದಳು. ವೋಟಿನ ಮಾತು ಒಂದು ಕಡೆಯೂ ಎತ್ತಲಿಲ್ಲ. ನಾನು ಮೊಣಕೈಯಿಂದ ತಿವಿದರೂ ಎತ್ತಲಿಲ್ಲ.

ಡೆಕ್ಲನ್ ನನ್ನನ್ನು ಕಂಡ ಕೂಡಲೇ ಹೊಟ್ಟೆ ಕುಣಿಸಿ ನಕ್ಕ. ಆ ವೃತ್ತದೊಳಗೆ ತಾನು ಚರ್ಚಿನ ಸಂತನ ಹಾಗೆ ಕಾಣುತ್ತಿದ್ದೇನಂತೆ, ಅವನ ಅಮ್ಮನಿಗೆ ಬಹಳ ಹಿಡಿಸಿತಂತೆ. ಆದರೂ ಅವನ ಕಡೆಯವರಿಗೆ ಬೇಜಾರಾಗಿದೆ, ಅದು ಕೈತಪ್ಪಿ ಆದದ್ದು ಎಂದು ತಾನೇ ಬರೆಯುತ್ತೇನೆ ಎಂದ. ಬರೆದ ಕೂಡ. ಎದುರಾಳಿ ಎಂಬುವನು ಹೀಗೆಲ್ಲ ಮಾಡಿದರೆ ಅವನನ್ನು ಎಲ್ಲಿ ಇಟ್ಟು ನೋಡಬೇಕೆಂದು ನನಗೆ ತಿಳಿಯಲಿಲ್ಲ.

ಬ್ರೀಡಾ ಮಾತ್ರ ಬಾಗಿಲನ್ನು ಅರ್ಧ ತೆರೆದು ಅಲ್ಲೇ ನಿಂತರು. ಕಾಲ ಸಂದಿಯಿಂದ ಅದೇ ನಾಯಿ ಬೊಗಳುತ್ತಿತ್ತು. ಹವಾಮಾನವೂ ಇಲ್ಲ, ಟೀಯೂ ಇಲ್ಲ. ಅವರು ಹೇಳಿದ್ದನ್ನು ಮಂಜು ತಗ್ಗಿದ ದನಿಯಲ್ಲಿ ನನಗೆ ಕನ್ನಡದಲ್ಲಿ ಹೇಳಿದಳು.

"ಯಾರಿಗೆ ವೋಟು ಅಂತ ನನ್ ಗಂಡನಿಗೇ ಒಂದು ದಿನಾನೂ ಹೇಳ್ಲಿಲ್ಲ, ಅವನು ತಿಳ್ಕೊಳ್ದೇನೇ ಸತ್ತ. ಈ ಮನುಷ್ಯ ಎಲ್ಲಿಂದ್ಲೋ ಬಂದು ಊರಿಗೆಲ್ಲ ಹೇಳ್ಬಿಟ್ನಲ್ಲ ಅಂತಿದಾರೆ ಭಾವ. ಮುಖ ತೆಗೀಬೇಕಂತೆ. ನಾಯಿದೂ ತೆಗೀಬೇಕಂತೆ."

ನಾನು ಕೈ ಮುಗಿದೆ. ಬಾಗಿಲು ಮುಚ್ಚಿತು.

ವಾಪಸ್ ಆ ರಸ್ತೆಯಲ್ಲೇ ನಡೆದೆವು. ಒಂದು ಕಡೆ ಮುಳ್ಳುಬೇಲಿ, ಇನ್ನೊಂದು ಕಡೆ ಗೋಡೆ. ತಿರುವಿನಿಂದ ಲಾರಿಯೊಂದು ಭರ್ರೆಂದು ಬಂತು. ಮಂಜು ನನ್ನ ತೋಳು ಹಿಡಿದು ಬೇಲಿಯೊಳಕ್ಕೆ ನೂಕಿದಳು. ಹೆಬ್ಬಾಳ ಫ್ಲೈಓವರಿನ ಕೆಳಗೆ ದಿನಾ ರಸ್ತೆ ದಾಟಿ ಬದುಕಿರುವವನು ನಾನು, ಅಲ್ಲಿ ಒಂದು ದಿನವೂ ಹಾಗೆ ಎದೆ ಹೊಡೆದುಕೊಂಡಿರಲಿಲ್ಲ. ಅಂಗಿಯ ತೋಳಿಗೆ ಮುಳ್ಳು ಚುಚ್ಚಿಕೊಂಡು ನಿಂತಿದ್ದಾಗ, ಇವಳು ಇದೇ ದಾರಿಯಲ್ಲಿ ದಿನಾ ಕತ್ತಲಲ್ಲಿ ನಡೆಯುತ್ತಾಳಲ್ಲ ಅನ್ನಿಸಿತು. ಮೊದಲೇ ಇಲ್ಲಿ ನಡೆದಿದ್ದರೆ ನಾನು ನವಿಲುಗರಿ ಹಾಕುತ್ತಿರಲಿಲ್ಲವೇನೋ.

ಎಣಿಕೆಯ ಹಾಲ್

ನಮ್ಮ ಫೋನಿನೊಳಗಿರುವ ದೊಡ್ಡ ದೊಡ್ಡ ಕಂಪನಿಗಳ ಆಫೀಸುಗಳು ಈ ದೇಶದಲ್ಲೇ ಇವೆಯಂತೆ. ವೋಟು ಎಣಿಸುವುದು ಮಾತ್ರ ಕೈಯಲ್ಲಿ, ಕಾಗದ ಕಾಗದ ಬಿಚ್ಚಿ. ಆಟದ ಹಾಲ್‌ನಲ್ಲಿ ಉದ್ದನೆಯ ಮೇಜು, ಕಂಬಿಯ ಆಚೆ ಎಲ್ಲ ಪಾರ್ಟಿಯವರೂ ಭುಜಕ್ಕೆ ಭುಜ ತಾಗಿಸಿ ನಿಂತು ಇಣುಕುತ್ತಿದ್ದರು. ಬಿಸ್ಕತ್ತು ಹಂಚಿಕೊಂಡು ತಿನ್ನುತ್ತಿದ್ದರು. ಪೊಲೀಸರು ಆಕಳಿಸುತ್ತಿದ್ದರು. ಒಂದು ಪಟಾಕಿ ಇಲ್ಲ, ಒಂದು ಜೈಕಾರ ಇಲ್ಲ. ಎಣಿಕೆಯೋ ನಾಮಕರಣವೋ ಎಂದು ಸಂದೇಹ ಬಂತು.

ಸುತ್ತು ಸುತ್ತಿಗೂ ಕೊನೆಯವರನ್ನು ಕೈಬಿಟ್ಟು ಅವರ ಚೀಟಿಗಳನ್ನು ಉಳಿದವರಿಗೆ ಹಂಚುತ್ತಿದ್ದರು. ಮಂಜುಳಾ ಮೊದಲು ತೀರ ಕೆಳಗಿದ್ದಳು. ಆಮೇಲೆ ಯಾರ್ಯಾರದೋ ಎರಡನೇ ನಂಬರು, ಮೂರನೇ ನಂಬರು ಬಂದು ಬಂದು ಮೇಲಕ್ಕೆ ಏರತೊಡಗಿದಳು. ಯಾಕೆ ಬಂತು? ಕಸದ ಡಬ್ಬದಿಂದಲೋ, ಬಾಗಿಲಿಗೆ ಹೋದದ್ದರಿಂದಲೋ, ನನ್ನ ಪೋಸ್ಟರಿನಿಂದಲೇ ಹೆಸರು ಊರಿಗೆಲ್ಲ ಗೊತ್ತಾಯಿತೋ? ಲೋಕೇಶನನ್ನು ಕೇಳಿದರೆ ಅವನೂ ತಲೆ ಕೆರೆದುಕೊಂಡ.

ಆ ಊರಿಗಿದ್ದ ಸೀಟುಗಳೆಲ್ಲ ಒಂದೊಂದಾಗಿ ತುಂಬಿ, ಕೊನೆಯ ಒಂದು ಸೀಟಿಗೆ ಮೂವರು ಉಳಿದರು. ಡೆಕ್ಲನ್, ಇನ್ನೊಬ್ಬ ಸೂಟಿನವನು, ನಮ್ಮ ಮಂಜು. ಮೈಕಿನಲ್ಲಿ ಏನೋ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ನಾನೂ ಜೋರಾಗಿ ತಟ್ಟಿ ಶಿಳ್ಳೆ ಹೊಡೆದೆ.

"ಅಣ್ಣ, ಸುಮ್ನಿರಿ" ಎಂದ ಲೋಕೇಶ. "ಮಂಜು ಹೊರಗ್ ಹೋದ್ಲು."

ಆಮೇಲೆ ನಡೆದದ್ದು ಕೇಳಿ. ಮಂಜುಳಾಳ ಚೀಟಿಗಳ ಕಟ್ಟನ್ನು ಬಿಚ್ಚಿ, ಅದರಲ್ಲಿದ್ದ ಮುಂದಿನ ನಂಬರು ನೋಡಿ ಹಂಚಿದರು. ಮುಕ್ಕಾಲುಪಾಲು ಡೆಕ್ಲನ್ನನ ರಾಶಿಗೆ ಬಿತ್ತು. ಅವನು ಗೆದ್ದ. ನಮ್ಮ ವೋಟಿನಿಂದ ನಮ್ಮ ಎದುರಾಳಿ ಗೆದ್ದ! ನನಗೆ ಮೈಯೆಲ್ಲ ಉರಿಯಿತು. ಅವನು ಕಂಬಿ ದಾಟಿ ಬಂದು ಮಂಜುಳಾಳ ಎರಡೂ ಕೈ ಹಿಡಿದುಕೊಂಡ, ಅವಳು ನಕ್ಕು ಅವನ ಬೆನ್ನು ತಟ್ಟಿದಳು.

"ಏನಂತೆ ಅವ್ನು?"

"ನಿನ್ ವೋಟಿನ ಮೇಲೆ ನಿಂತಿದೀನಿ, ಆ ರಸ್ತೆ ಇನ್ಮೇಲೆ ನನ್ ತಲೆನೋವು ಅಂತಿದಾನೆ."

"ಗೆದ್ದೋರು ಹೇಳೋ ಮಾತು ನಂಗ್ ಗೊತ್ತಿಲ್ವಾ?" ಎಂದೆ.

ಮೊನ್ನೆ ಮಂಜು ಒಂದು ಚಿತ್ರ ಕಳಿಸಿದ್ದಳು. ಬೇಲಿ ಕತ್ತರಿಸಿದ್ದಾರೆ, ಉದ್ದಕ್ಕೂ ಗೂಟ ಹೊಡೆದಿದ್ದಾರೆ. ಫುಟ್‌ಪಾತಿಗೋ ಬೇರೆ ಯಾವುದಕ್ಕೋ ಚಿತ್ರದಲ್ಲಿ ತಿಳಿಯುವುದಿಲ್ಲ. ಹಾಗಾದರೆ ನನ್ನ ತಂಗಿ ಗೆದ್ದಳೋ ಸೋತಳೋ ಎಂದು ರತ್ನ ಇಂದಿಗೂ ಕೇಳುತ್ತಾಳೆ. ಚಮಚ, ಲೋಟ, ಉಪ್ಪಿನ ಡಬ್ಬಿ ಜೋಡಿಸಿ ಹೇಳಲು ಹೋಗಿ ಎರಡು ಸಲ ಬೈಸಿಕೊಂಡಿದ್ದೇನೆ.

ಮತ್ತೆ ಅಡುಗೆಮನೆ

ಎಣಿಕೆಯ ದಿನ ಹಾಲ್‌ನಿಂದ ಮನೆಗೆ ಬಂದಾಗ ಬಿಸಿಲು ಇನ್ನೂ ಇತ್ತು. ಮಂಜು ಶೂ ಕೂಡ ಬಿಚ್ಚದೆ ಮೇಜಿಗೆ ತಲೆಯಿಟ್ಟು ಕೂತಳು. ಎಣಿಕೆಯ ಹಾಲ್‌ನಲ್ಲಿ ನಕ್ಕಿದ್ದೆಲ್ಲ ಅಲ್ಲೇ ಖಾಲಿಯಾಗಿತ್ತು. ಲೋಕೇಶ ಅಕ್ಕಿ ತೊಳೆಯತೊಡಗಿದ. ನಾನು ಫೋನನ್ನು ಮುಂದಿಟ್ಟುಕೊಂಡು ಕೂತೆ. ಸೋತ ದಿನದ ಸಂಜೆ, ಕಸುಬಿನ ಅಭ್ಯಾಸ. ಇನ್ನೂ ಯಾರ ಮುಖ ತೆಗೆಯುವುದು ಉಳಿದಿದೆಯೋ ಎಂದು ಕಾಯುತ್ತಿದ್ದೆ.

ಫೋನು ಬರಲಿಲ್ಲ. ಬಾಗಿಲ ಗಂಟೆ ಹೊಡೆಯಿತು.

ಬ್ರೀಡಾ. ಪಕ್ಕದಲ್ಲಿ ನಾಯಿ. ಒಳಗೆ ಬಂದು, ಕೋಟು ಬಿಚ್ಚದೆ, ನನ್ನ ಎದುರಿನ ಕುರ್ಚಿಯಲ್ಲಿ ನೆಟ್ಟಗೆ ಕೂತರು. ನನ್ನ ಲ್ಯಾಪ್‌ಟಾಪಿನ ಕಡೆ ಬೆರಳು ತೋರಿಸಿ ಏನೋ ಹೇಳಿದರು. ಮಂಜು ತಲೆ ಎತ್ತಿ ಅವರನ್ನೇ ನೋಡಿದಳು.

"ಏನಂತೆ? ಇನ್ನೂ ಎಲ್ಲೋ ಉಳ್ಕೊಂಡೈತಾ? ತೆಗೀತೀನಿ ಅಂತ ಹೇಳು."

"ತೆಗ್ಯೋದಲ್ಲ ಭಾವ" ಎಂದಳು ಮಂಜು. "ಮತ್ತೆ ಹಾಕ್ಬೇಕಂತೆ. ಅವ್ರ ಮುಖ. ನಾಯಿದೂ."

"ನಾವ್ ಸೋತ್ವಲ್ಲ! ಎಲ್ಲ ಮುಗ್ದೋಯ್ತು ಅಂತ ಹೇಳು, ಪಾಪ, ವಯಸ್ಸಾದೋರು, ಗೊತ್ತಾಗಿಲ್ಲ ಕಾಣುತ್ತೆ."

ಮಂಜು ಹೇಳಿದಳು. ಬ್ರೀಡಾ ನನ್ನನ್ನೇ ದಿಟ್ಟಿಸಿ, ಆ ಊರಿಗೆ ಬಂದ ಮೇಲೆ ಮೊದಲ ಸಲ ನನಗೆ ನೇರವಾಗಿ ಅರ್ಥವಾಗುವ ಹಾಗೆ, ನಿಧಾನವಾಗಿ, ಮಾತು ಬಿಡಿಸಿ ಹೇಳಿದರು. "ನೀವು ಸೋತದ್ದು ನನಗೆ ಗೊತ್ತು. ಅದಕ್ಕೇ ಬಂದೆ."

ನಾನು ಲ್ಯಾಪ್‌ಟಾಪ್ ತೆರೆದೆ. ಪುಟದಿಂದ ಅಳಿಸಿದ್ದ ಚಿತ್ರ ಅದರ ಒಂದು ಮೂಲೆಯಲ್ಲಿ ಇತ್ತು, ಮುಖಗಳನ್ನು ಮಾತ್ರ ಆವತ್ತೇ ತೆಗೆದಿದ್ದೆ. ಖಾಲಿ ಮಾಡಿದ್ದ ವೃತ್ತಗಳಲ್ಲಿ ಮೊದಲನೆಯದನ್ನು ಹಿಡಿದು ಅಜ್ಜಿಯನ್ನು ಕೂರಿಸಿದೆ, ನಾಯಿಯ ಎರಡೂ ಕಿವಿ ಬರುವಂತೆ ವೃತ್ತವನ್ನು ದೊಡ್ಡದು ಮಾಡಿದೆ. ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, ತೃಪ್ತಿಯಾಗಿ ತಲೆಯಾಡಿಸಿದರು. ಇಷ್ಟು ವರ್ಷದ ಕಸುಬಿನಲ್ಲಿ ಸೋತ ದಿನ ನಾನು ಮುಖ ಸೇರಿಸಿದ್ದು ಅದೊಂದೇ.